ಹಳೇ ಮೋವರ್ ಸತ್ತಿಲ್ಲ, ಗಂಟಲು ಕಟ್ಟಿದೆ ಅಷ್ಟೇ!

ಏಪ್ರಿಲ್ ಬಂತು ಅಂದ್ರೆ ಅಮೆರಿಕದ ಬಡಾವಣೆಗಳಲ್ಲಿ ಶನಿವಾರ ಬೆಳಗ್ಗೆ ಎರಡು ಥರದ ಸದ್ದು ಕೇಳಿಸುತ್ತೆ. ಒಂದು, ಸ್ಟಾರ್ಟ್ ಆದ ಲಾನ್ ಮೋವರ್‌ಗಳ ಗುರ್ರ್ ಸದ್ದು. ಇನ್ನೊಂದು, ಸ್ಟಾರ್ಟ್ ಆಗದ ಮೋವರ್‌ನ ಹಗ್ಗವನ್ನು ಇಪ್ಪತ್ತನೇ ಸಲ ಎಳೆಯುತ್ತಿರುವವರ ಏದುಸಿರು. ಸಂಜೆ ಹೊತ್ತಿಗೆ ಆ ಎರಡನೇ ಗುಂಪಿನ ಕೆಲವು ಮೋವರ್‌ಗಳು ರಸ್ತೆಯಂಚಿಗೆ ಬಂದು ನಿಂತಿರುತ್ತವೆ. ಮೇಲೊಂದು ರಟ್ಟಿನ ಚೂರು, ಅದರ ಮೇಲೆ ‘ಉಚಿತ, ಬೇಕಾದವರು ಒಯ್ಯಬಹುದು’ ಅನ್ನೋ ಬರಹ.

ಹಾಗೆ ಬಿಸಾಕಿದ ಮೋವರ್‌ಗಳಲ್ಲಿ ಬಹಳಷ್ಟಕ್ಕೆ ದೊಡ್ಡ ಕಾಯಿಲೆ ಏನೂ ಇರೋದಿಲ್ಲ. ಹೋದ ವರ್ಷ ಹಾಕಿದ ಪೆಟ್ರೋಲು ಚಳಿಗಾಲವಿಡೀ ಒಳಗೇ ಕೂತು ಗೋಂದಾಗಿ, ಕೂದಲೆಳೆಯಂಥ ಒಂದು ರಂಧ್ರವನ್ನು ಮುಚ್ಚಿರುತ್ತದೆ. ಅಷ್ಟಕ್ಕೇ ಎಂಜಿನ್ ಸತ್ತಿದೆ ಅಂತ ತೀರ್ಮಾನ. ಒಂದು ಪಾನಾ, ಒಂದು ಸ್ಪ್ರೇ ಡಬ್ಬಿ, ಒಂದು ಗಂಟೆ ಬಿಡುವು ಇದ್ದರೆ ಆ ಯಂತ್ರ ಇನ್ನೂ ಹತ್ತು ವರ್ಷ ದುಡಿಯಬಹುದು.

ಇಲ್ಲಿ ಮನೆ ಕೊಂಡ ಕನ್ನಡಿಗರಿಗೆ ಈ ವಿಷಯ ಬೇಗ ಮುಖ್ಯ ಆಗುತ್ತೆ. ಅಪಾರ್ಟ್‌ಮೆಂಟಿನಲ್ಲಿ ಇದ್ದಾಗ ಹುಲ್ಲು ಅನ್ನೋದು ಯಾರೋ ನೋಡಿಕೊಳ್ಳುತ್ತಿದ್ದ ಹಸಿರು. ಸ್ವಂತ ಮನೆಗೆ ಬಂದ ಮೇಲೆ ಅದು ವಾರ ವಾರ ಬೆಳೆಯುವ ಕೆಲಸ. ಎರಡು ವಾರ ಬಿಟ್ಟರೆ ಸಾಕು, ಬಡಾವಣೆಯ ಮಾಲೀಕರ ಸಂಘದಿಂದ ‘ನಿಮ್ಮ ಹುಲ್ಲು ನಿಯಮ ಮೀರಿದೆ’ ಅಂತ ಪತ್ರ ಬಂದುಬಿಡುತ್ತೆ. ಕೆಟ್ಟ ಮೋವರನ್ನು ಅಂಗಡಿಗೆ ಕೊಟ್ಟರೆ, ವಸಂತಕಾಲದಲ್ಲಿ ಅವರ ಬಳಿ ಸಾಲು ಇರುತ್ತೆ. ಕೂಲಿಯೇ ಹಳೇ ಮೋವರ್‌ನ ಬೆಲೆಗಿಂತ ಜಾಸ್ತಿ ಆಗೋದೂ ಉಂಟು. ನಮ್ಮೂರಲ್ಲಾದರೆ ಪ್ರತಿ ಸರ್ಕಲ್ಲಿಗೂ ಒಬ್ಬ ಮೆಕ್ಯಾನಿಕ್ ಸಿಗುತ್ತಾನೆ. ‘ಅಣ್ಣಾ, ಸ್ವಲ್ಪ ನೋಡಿ’ ಅಂದರೆ ಟೀ ಕುಡಿಯೋದರೊಳಗೆ ಸರಿಮಾಡಿ ಕೊಡುತ್ತಾನೆ. ಇಲ್ಲಿ ಆ ಅಣ್ಣ ನಾವೇ ಆಗಬೇಕು.

ಆಗೋದು ಕಷ್ಟವೇನಲ್ಲ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಮೊದಲ ವರ್ಷದ ‘ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್’ ನೆನಪಿರಬೇಕು. ಕಂಪ್ಯೂಟರ್ ಸೈನ್ಸ್‌ನವರೂ ಫೋರ್ ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆದು ಅಂಕ ಗಿಟ್ಟಿಸಿದ್ದೇವೆ: ಎಳೆದುಕೋ, ಒತ್ತು, ಉರಿಸು, ಹೊರಹಾಕು. ಪರೀಕ್ಷೆ ಮುಗಿದ ದಿನವೇ ಮರೆತ ಆ ಚಿತ್ರ ಇಲ್ಲಿ ಗ್ಯಾರೇಜಿನ ಮೂಲೆಯಲ್ಲಿ ಜೀವಂತ ಕೂತಿದೆ. ಅಂದಹಾಗೆ, ಅಮೆರಿಕದಲ್ಲಿ ‘ಗ್ಯಾಸ್ ಮೋವರ್’ ಅಂದರೆ ಸಿಲಿಂಡರ್ ಗ್ಯಾಸ್ ಅಲ್ಲ, ಪೆಟ್ರೋಲು!

ಯಂತ್ರದ ಜಾತಕ

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ. ಬಟ್ಟೆ ಗಿರಣಿಯಲ್ಲಿ ನೇಯ್ದ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರ ನೋಡಿ, ಇದನ್ನೇ ಹುಲ್ಲಿಗೂ ಬಳಸಬಹುದಲ್ಲ ಅಂತ ಎಡ್ವಿನ್ ಬಡಿಂಗ್ ಎಂಬಾತನಿಗೆ ಹೊಳೆಯಿತು. 1830ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಎಂಜಿನ್ ಇರಲಿಲ್ಲ, ಕೈಯಲ್ಲೇ ತಳ್ಳಬೇಕಿತ್ತು.

ನಾವು ಇವತ್ತು ನೋಡುವ, ಹೊಟ್ಟೆಯ ಕೆಳಗೆ ಫ್ಯಾನಿನ ರೆಕ್ಕೆಯಂಥ ಬ್ಲೇಡ್ ತಿರುಗುವ ಮೋವರ್ ಮನೆಮನೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅದರ ಹಿಂದೆ ದೊಡ್ಡ ಪಾತ್ರ ವಹಿಸಿದ್ದು 1908ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿ. 1953ರಲ್ಲಿ ಅದು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ ಹಗುರ ಎಂಜಿನ್ ತಂದಿತು. ಬೀಡು ಕಬ್ಬಿಣದ ಭಾರ ಹೋಯಿತು, ಬೆಲೆ ಇಳಿಯಿತು, ಒಬ್ಬರೇ ತಳ್ಳಿಕೊಂಡು ಹೋಗುವಂಥ ಮೋವರ್ ಸಾಮಾನ್ಯ ಮನೆಗೂ ಕೈಗೆಟುಕಿತು.

ನಿಮ್ಮ ಹಳೇ ಮೋವರ್‌ನಲ್ಲಿ ಈ ಕಂಪನಿಯ ಎಂಜಿನ್ ಇದ್ದರೆ ಒಂದು ಮಜಾ ನೋಡಿ. ಎಂಜಿನ್ ಮೇಲಿನ ತಗಡಿನ ಮುಚ್ಚಳದಲ್ಲಿ ಮಾಡೆಲ್, ಟೈಪ್, ಕೋಡ್ ಅಂತ ಮೂರು ಸಂಖ್ಯೆಗಳನ್ನು ಒತ್ತಿರುತ್ತಾರೆ. ಕೋಡ್ 960412 ಅಂತ ಶುರುವಾದರೆ ಆ ಎಂಜಿನ್ ತಯಾರಾದದ್ದು 1996ರ ಏಪ್ರಿಲ್ 12ರಂದು. ಮೊದಲೆರಡು ಅಂಕಿ ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ನನ್ನ ಬಳಿ ಇರೋದೂ 1996ರದ್ದೇ, ನನಗಿಂತ ಒಂದು ವರ್ಷ ಚಿಕ್ಕದು. ಈ ಮೂರು ಸಂಖ್ಯೆಗಳ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಬಿಡಿಭಾಗ ತರಿಸುವಾಗ ಬೇಕಾಗುವುದು ಮೋವರ್‌ನ ಬಣ್ಣವೋ ಅದರ ಮೇಲಿನ ಹೆಸರೋ ಅಲ್ಲ, ಈ ಸಂಖ್ಯೆಗಳು. ಒಂದೇ ಎಂಜಿನ್ನನ್ನು ಹತ್ತು ಬೇರೆ ಬೇರೆ ಹೆಸರಿನ ಮೋವರ್‌ಗಳಲ್ಲಿ ಕೂರಿಸಿರುತ್ತಾರೆ.

ಮೊದಲು ಬೆರಳು, ಆಮೇಲೆ ಎಂಜಿನ್

ರಿಪೇರಿಗೆ ಮುಂಚೆ ಒಂದು ಸಣ್ಣ ಲೆಕ್ಕ. ಸಾಮಾನ್ಯ ಮೋವರ್‌ನ ಬ್ಲೇಡ್ 21 ಇಂಚು ಉದ್ದ. ನಿಮಿಷಕ್ಕೆ 3000 ಸುತ್ತು ತಿರುಗಿತು ಅಂದುಕೊಳ್ಳಿ. ಆಗ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್! ಅದಕ್ಕೆ ಸಿಕ್ಕಿದ್ದು ಕೋಲೋ ಕೈಯೋ ಅಂತ ಅದು ಕೇಳೋದಿಲ್ಲ.

ಹಾಗಾಗಿ ಮೊದಲ ಕೆಲಸ, ಯಾವಾಗಲೂ, ಸ್ಪಾರ್ಕ್ ಪ್ಲಗ್‌ನ ತುದಿಗೆ ಸಿಕ್ಕಿಸಿರುವ ದಪ್ಪ ವಯರನ್ನು ಎಳೆದು ತೆಗೆದು, ಪ್ಲಗ್‌ಗೆ ತಾಗದಂತೆ ದೂರ ಕಟ್ಟಿಡುವುದು. ‘ಎಂಜಿನ್ ಆಫ್ ಇದೆಯಲ್ಲ, ಏನಾಗುತ್ತೆ?’ ಅನ್ನಬೇಡಿ. ಈ ಎಂಜಿನ್ನಿಗೆ ಬ್ಯಾಟರಿ ಇಲ್ಲ. ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ಕಾಯಿಲ್‌ನ ಪಕ್ಕ ಹಾದುಹೋದಾಗ ಕಿಡಿ ತಾನಾಗೇ ಹುಟ್ಟುತ್ತದೆ. ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಫ್ಲೈವೀಲೂ ತಿರುಗುತ್ತದೆ, ಯಾಕಂದ್ರೆ ಎರಡೂ ಒಂದೇ ದಂಡಕ್ಕೆ ಸೇರಿವೆ. ಹಳೇ ಮೋವರ್‌ನಲ್ಲಿ ಎಂಜಿನ್ ನಿಲ್ಲಿಸುವ ವಯರೋ ಲಿವರೋ ಸವೆದು ಕೆಟ್ಟಿದ್ದರೆ ಅಷ್ಟೇ ಸಾಕು, ಎಂಜಿನ್ ಒಮ್ಮೆ ಒದ್ದುಕೊಳ್ಳಬಹುದು.

ಅಮೆರಿಕದ ಗ್ರಾಹಕ ಸುರಕ್ಷತಾ ನಿಯಮದ ಪ್ರಕಾರ, 1982ರಿಂದ ಈಚೆಗೆ ತಯಾರಾದ ತಳ್ಳುವ ಮೋವರ್‌ಗಳಲ್ಲಿ ಹ್ಯಾಂಡಲಿನ ಬಾರ್ ಕೈಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಹಳೇ ಮೋವರ್ ಕೊಂಡಾಗ ಕೆಲವೊಮ್ಮೆ ಈ ಬಾರನ್ನು ದಾರದಿಂದಲೋ ಟೇಪಿನಿಂದಲೋ ಹ್ಯಾಂಡಲಿಗೆ ಬಿಗಿದು ಕಟ್ಟಿರೋದು ಕಾಣುತ್ತೆ. ಹಿಂದಿನ ಮಾಲೀಕರಿಗೆ ಹಿಡಿದು ಹಿಡಿದು ಕೈ ನೋಯುತ್ತಿತ್ತೇನೋ. ಮನೆಗೆ ತಂದ ತಕ್ಷಣ ಬಿಚ್ಚಿ ಬಿಸಾಕಿ. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಾಜಿಯೇ ಬೇಡ.

ಇನ್ನೆರಡು ಮಾತು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬೇಡಿ, ಕಾಲು ಗಂಟೆ ಆರಲಿ. ಗ್ಯಾರೇಜಿನ ಬಾಗಿಲು ತೆರೆದಿದೆ ಅಂತ ಒಳಗೇ ಎಂಜಿನ್ ಓಡಿಸಬೇಡಿ. ಇದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ.

ಮೂರೇ ಪ್ರಶ್ನೆ: ಗಾಳಿ, ಕಿಡಿ, ಪೆಟ್ರೋಲು

ಸ್ಟಾರ್ಟ್ ಆಗದ ಎಂಜಿನ್ ಅಂದರೆ ನಮ್ಮ ಭಾಷೆಯಲ್ಲಿ ಒಂದು ಬಗ್. ಸಿಕ್ಕಿದ್ದನ್ನೆಲ್ಲ ಬದಲಾಯಿಸಿ ನೋಡಿದರೆ ಸರಿಹೋದರೂ ಯಾಕೆ ಸರಿಹೋಯಿತು ಅಂತ ಗೊತ್ತಾಗಲ್ಲ. ಅಗ್ಗದ, ಸುಲಭದ ಪರೀಕ್ಷೆಯಿಂದ ಶುರುಮಾಡಿ ಒಂದೊಂದೇ ಅನುಮಾನ ಕಳೆಯುತ್ತಾ ಹೋಗಬೇಕು.

ಎಲ್ಲಕ್ಕಿಂತ ಮುಂಚೆ ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಸ್ವಲ್ಪ ದೂರ ಬಂದಮೇಲೆ ಕೈಗೆ ತಡೆ ಸಿಕ್ಕು, ಅದನ್ನು ದಾಟಿದರೆ ಮತ್ತೆ ಸಲೀಸಾಗಿ ಬಂದರೆ ಒಳಗಿನ ಒತ್ತಡ ಬಹುತೇಕ ಸರಿ ಇದೆ ಅಂತರ್ಥ. ಹಗ್ಗ ಅಲುಗಾಡದೇ ಇದ್ದರೆ ಗಾಬರಿ ಬೇಡ. ಪ್ಲಗ್ ವಯರ್ ತೆಗೆದು ಡೆಕ್ ಕೆಳಗೆ ನೋಡಿ. ಒದ್ದೆ ಹುಲ್ಲು ಮೆತ್ತಿಕೊಂಡು, ಒಣಗಿ, ಬ್ಲೇಡನ್ನು ಸಿಮೆಂಟಿನಂತೆ ಹಿಡಿದಿರುತ್ತೆ. ಯಾವ ತಡೆಯೂ ಇಲ್ಲದೆ ಹಗ್ಗ ಸರಕ್ಕನೆ ಬಂದರೆ ವಾಲ್ವ್ ಅಥವಾ ಪಿಸ್ಟನ್ ರಿಂಗಿನ ತೊಂದರೆ ಇರಬಹುದು. ಅದು ಮೊದಲ ಸಲದವರ ಕೆಲಸ ಅಲ್ಲ.

ಗಾಳಿ: ಏರ್ ಫಿಲ್ಟರ್ ಮುಚ್ಚಳ ತೆಗೆಯಲು ಒಂದೋ ಎರಡೋ ಸ್ಕ್ರೂ. ಕಾಗದದ ಫಿಲ್ಟರ್ ಕಪ್ಪಾಗಿ ಕಟ್ಟಿಕೊಂಡಿದ್ದರೆ ಹೊಸದು ಹಾಕಿ. ಸ್ಪಂಜಿನದಾದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿದರೆ ಆಯ್ತು.

ಕಿಡಿ: ಪ್ಲಗ್ ಬಿಚ್ಚಿ ಮುಖ ನೋಡಿ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲು ಜಾಸ್ತಿ ಅಥವಾ ಗಾಳಿ ಕಮ್ಮಿ. ಜಿಡ್ಡು ಕಪ್ಪಿದ್ದರೆ ಆಯಿಲ್ ಒಳಬರುತ್ತಿದೆ. ಕಿಡಿ ಬರುತ್ತಿದೆಯಾ ನೋಡಲು ಅಂಗಡಿಯಲ್ಲಿ ಸ್ಪಾರ್ಕ್ ಟೆಸ್ಟರ್ ಸಿಗುತ್ತೆ. ಪ್ಲಗ್ ಮತ್ತು ವಯರ್ ನಡುವೆ ಅದನ್ನು ಸಿಕ್ಕಿಸಿ ಹಗ್ಗ ಎಳೆದರೆ ಒಳಗಿನ ದೀಪ ಮಿನುಗಬೇಕು. ಎಳೆಯುವಾಗ ಹ್ಯಾಂಡಲಿನ ಬಾರ್ ಹಿಡಿದಿರಲೇಬೇಕು, ಇಲ್ಲದಿದ್ದರೆ ಕಿಡಿಯೇ ಹುಟ್ಟೋದಿಲ್ಲ. ಹೊಸ ಪ್ಲಗ್‌ಗೆ ನಾಲ್ಕೈದು ಡಾಲರ್. ಅನುಮಾನ ಇದ್ದರೆ ಬದಲಾಯಿಸಿಬಿಡಿ. ಹಳೇ ಬ್ರಿಗ್ಸ್ ಎಂಜಿನ್‌ಗಳಲ್ಲಿ ಪ್ಲಗ್ ತುದಿಯ ಸಂದು ಸಾಮಾನ್ಯವಾಗಿ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್ ಇರಬೇಕು.

ಪೆಟ್ರೋಲು: ಏರ್ ಫಿಲ್ಟರ್ ತೆಗೆದ ಜಾಗದಿಂದ ಕಾರ್ಬುರೇಟರ್ ಬಾಯಿಗೆ ಕಾರ್ಬ್ ಕ್ಲೀನರ್ ಒಂದು ಸೆಕೆಂಡು ಚಿಮುಕಿಸಿ, ಫಿಲ್ಟರ್ ವಾಪಸ್ ಕೂರಿಸಿ, ಹಗ್ಗ ಎಳೆಯಿರಿ. ಎಂಜಿನ್ ಎರಡು ಮೂರು ಸೆಕೆಂಡು ಓಡಿ ನಿಂತುಹೋಯಿತಾ? ಖುಷಿಪಡಿ. ಕಿಡಿ ಸರಿ ಇದೆ, ಗಾಳಿ ಸರಿ ಇದೆ, ಒತ್ತಡ ಸರಿ ಇದೆ. ಪೆಟ್ರೋಲು ಮಾತ್ರ ಬರುತ್ತಿಲ್ಲ. ಒಂದೇ ಪರೀಕ್ಷೆಯಲ್ಲಿ ಮುಕ್ಕಾಲು ಭಾಗ ಅನುಮಾನ ಕಳೆಯಿತು.

ಗಂಟಲು ಬಿಡಿಸೋದು ಹೇಗೆ?

ಇಲ್ಲಿನ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ತನಕ ಎಥನಾಲ್ ಇರುತ್ತದೆ. ಎಥನಾಲ್‌ಗೆ ನೀರು ಅಂದರೆ ಬಹಳ ಪ್ರೀತಿ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಪೆಟ್ರೋಲು ಎಳೆದುಕೊಳ್ಳೋದೂ ತಳದಿಂದಲೇ! ಜೊತೆಗೆ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗಿ, ಉಳಿದದ್ದು ವಾರ್ನಿಶ್ ಥರ ಅಂಟಿಕೊಳ್ಳುತ್ತೆ. ಪೆಟ್ರೋಲು ಸುಮಾರು 30 ದಿನಕ್ಕೇ ಹಳಸಲು ಶುರುವಾಗುತ್ತೆ ಅಂತ ಎಂಜಿನ್ ತಯಾರಕರೇ ಹೇಳುತ್ತಾರೆ. ಅಕ್ಟೋಬರಿನಿಂದ ಏಪ್ರಿಲ್ ತನಕ ಇಟ್ಟರೆ ಏನಾಗಬಹುದು, ನೀವೇ ಊಹಿಸಿ.

ಕಾರ್ಬುರೇಟರ್ ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಮುಖ್ಯವಾಗಿ ಸಣ್ಣ ಸ್ಪ್ರಿಂಗುಗಳು ಯಾವ ತೂತಿಗೆ ಸಿಕ್ಕಿಸಿವೆ ಅನ್ನೋದು. ಆ ಸ್ಪ್ರಿಂಗುಗಳು ಗವರ್ನರ್‌ನವು, ಎಂಜಿನ್ ವೇಗ ಮಿತಿ ಮೀರದಂತೆ ನೋಡಿಕೊಳ್ಳುತ್ತವೆ. ಅವನ್ನು ಬಗ್ಗಿಸೋದು, ಬೇರೆ ತೂತಿಗೆ ಹಾಕಿ ‘ಪವರ್’ ಹೆಚ್ಚಿಸೋದು ಯಾವತ್ತೂ ಬೇಡ. ಮೇಲಿನ 300 ಕಿಲೋಮೀಟರ್ ಲೆಕ್ಕ ನೆನಪಿದೆಯಲ್ಲ?

ಬಹಳಷ್ಟು ಎಂಜಿನ್‌ಗಳಲ್ಲಿ ಕಾರ್ಬುರೇಟರ್ ಪೂರ್ತಿ ಬಿಚ್ಚುವ ಅಗತ್ಯವೇ ಇಲ್ಲ. ಅದರ ಕೆಳಗೆ ಬಟ್ಟಲಿನಂಥ ಒಂದು ಭಾಗ ನೇತಾಡುತ್ತಿರುತ್ತೆ. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ ಅಥವಾ ಪೈಪನ್ನು ಒತ್ತಿ ಹಿಡಿಯುವ ಕ್ಲಿಪ್ ಹಾಕಿ. ಕೆಳಗೊಂದು ಹಳೇ ಡಬ್ಬಿ ಇಟ್ಟು, ಬಟ್ಟಲನ್ನು ಹಿಡಿದಿರುವ ಒಂದೇ ಬೋಲ್ಟನ್ನು ಬಿಚ್ಚಿ. ಬಟ್ಟಲಿನಲ್ಲಿ ಕಂದು ನೀರು, ಬಿಳಿ ಪುಡಿ, ತುಕ್ಕು ಕಂಡರೆ ಕಳ್ಳ ಸಿಕ್ಕಿದ ಅಂತ ಲೆಕ್ಕ.

ಈಗ ಆ ಬೋಲ್ಟನ್ನೇ ಬೆಳಕಿಗೆ ಹಿಡಿದು ನೋಡಿ. ಹಲವು ಹಳೇ ಎಂಜಿನ್‌ಗಳಲ್ಲಿ ಪೆಟ್ರೋಲು ಹೋಗುವ ಮುಖ್ಯ ರಂಧ್ರ ಇರೋದು ಇದರೊಳಗೇ. ಅಡ್ಡಡ್ಡ ಒಂದೆರಡು ತೂತು, ನಡುವೆ ಉದ್ದಕ್ಕೊಂದು. ವಿದ್ಯುತ್ ವಯರಿನ ಒಂದು ತಾಮ್ರದ ಎಳೆ ತೆಗೆದು ಮೆಲ್ಲಗೆ ತೂರಿಸಿ, ಕ್ಲೀನರ್ ಸ್ಪ್ರೇ ಹೊಡೆಯಿರಿ. ಸ್ಟೀಲ್ ಸೂಜಿ, ಡ್ರಿಲ್ ಬಿಟ್ ಬೇಡ, ರಂಧ್ರ ದೊಡ್ಡದಾದರೆ ಅಳತೆಯೇ ಹಾಳು. ಕಣ್ಣಿಗೆ ಕನ್ನಡಕ ಇರಲಿ, ಆ ಸ್ಪ್ರೇ ಯಾವ ತೂತಿನಿಂದ ಮುಖಕ್ಕೆ ವಾಪಸ್ ಬರುತ್ತೆ ಹೇಳಕ್ಕಾಗಲ್ಲ. ಬಟ್ಟಲು ಒರೆಸಿ, ರಬ್ಬರ್ ರಿಂಗ್ ಸರಿಯಾಗಿ ಕೂರಿಸಿ, ವಾಪಸ್ ಜೋಡಿಸಿ. ಹೊಸ ಪೆಟ್ರೋಲು ಹಾಕಿ. ರಬ್ಬರ್ ಗುಂಡಿ ಇದ್ದರೆ ಮೂರು ಸಲ ಒತ್ತಿ, ಹಗ್ಗ ಎಳೆಯಿರಿ.

ಇನ್ನೂ ಹಳೆಯ ಕೆಲವು ಬ್ರಿಗ್ಸ್ ಎಂಜಿನ್‌ಗಳಲ್ಲಿ ಬಟ್ಟಲು ಇರೋದಿಲ್ಲ, ಕಾರ್ಬುರೇಟರ್ ನೇರವಾಗಿ ಟ್ಯಾಂಕಿನ ಮೇಲೇ ಕೂತಿರುತ್ತೆ. ಅಲ್ಲಿ ಪೆಟ್ರೋಲನ್ನು ಮೇಲೆತ್ತೋದು ಒಂದು ತೆಳ್ಳನೆ ರಬ್ಬರ್ ಪೊರೆ. ವಯಸ್ಸಾದಂತೆ ಅದು ಬಿರುಸಾಗಿ ಕೆಲಸ ನಿಲ್ಲಿಸುತ್ತೆ. ಪೊರೆ ಬದಲಾಯಿಸಿದರೆ ಎಂಜಿನ್ ಮತ್ತೆ ಹುಡುಗ.

ಸ್ಟಾರ್ಟ್ ಆದರೂ ‘ಉಂವ್... ಉಂವ್...’ ಅಂತ ಸದ್ದು ಏರಿಳಿಯುತ್ತಿದ್ದರೆ ಸಾಮಾನ್ಯವಾಗಿ ರಂಧ್ರ ಅರ್ಧ ಮಾತ್ರ ತೆರೆದಿದೆ ಅಂತ. ಮತ್ತೊಮ್ಮೆ ತೊಳೆಯಿರಿ. ಎರಡು ಸಲ ತೊಳೆದರೂ ಆಗದಿದ್ದರೆ ನಿಮ್ಮ ಮಾಡೆಲ್‌ಗೆ ಹೊಂದುವ ಹೊಸ ಕಾರ್ಬುರೇಟರೇ ಕಡಿಮೆ ಬೆಲೆಗೆ ಸಿಗುತ್ತೆ. ಅದನ್ನು ಹಾಕೋದು ಸೋಲೇನಲ್ಲ.

ಕಲ್ಲಿಗೆ ಬಡಿದ ಮೇಲೆ

ಮೋವರ್ ಚೆನ್ನಾಗಿ ಓಡುತ್ತಿತ್ತು, ಒಂದು ಬೇರಿಗೋ ಕಲ್ಲಿಗೋ ಬಡಿದು ‘ಠಣ್’ ಅಂದಿತು, ಆಮೇಲೆ ಸ್ಟಾರ್ಟ್ ಆಗ್ತಿಲ್ಲ ಅಥವಾ ಹಗ್ಗ ಕೈಯಿಂದ ಕಿತ್ತುಕೊಂಡು ವಾಪಸ್ ಹೋಗುತ್ತಿದೆ. ಇಂಥ ಕಡೆ ಕಾರ್ಬುರೇಟರ್ ಮುಟ್ಟಲೇಬೇಡಿ. ಅನುಮಾನ ಫ್ಲೈವೀಲ್ ಕೀ ಮೇಲೆ.

ಫ್ಲೈವೀಲ್ ಮತ್ತು ಅದರ ದಂಡದ ನಡುವೆ ಬೆರಳುಗುರಿಗಿಂತ ಚಿಕ್ಕದಾದ ಮೆದು ಲೋಹದ ತುಂಡೊಂದು ಕೂತಿರುತ್ತೆ. ಇದು ಮನೆಯ ಫ್ಯೂಸ್ ಇದ್ದ ಹಾಗೆ. ಬ್ಲೇಡ್ ದಿಢೀರನೆ ನಿಂತಾಗ ಇದು ತುಂಡಾಗುತ್ತೆ ಅಥವಾ ಅರೆಬರೆ ಕತ್ತರಿಸುತ್ತೆ. ಆಗ ಫ್ಲೈವೀಲ್ ಸ್ವಲ್ಪ ತಿರುಗಿ ಕೂರುತ್ತದೆ, ಅಯಸ್ಕಾಂತ ಹೊತ್ತಲ್ಲದ ಹೊತ್ತಿಗೆ ಕಿಡಿ ಕೊಡುತ್ತದೆ, ಎಂಜಿನ್ ಒದೆಯುತ್ತದೆ. ಕೀ ಬೆಲೆ ಎರಡು ಮೂರು ಡಾಲರ್. ಫ್ಲೈವೀಲ್ ಎಬ್ಬಿಸಲು ಒಂದು ಪುಲ್ಲರ್ ಬೇಕು. ಇಲ್ಲಿ ಅನೇಕ ಆಟೋ ಬಿಡಿಭಾಗದ ಅಂಗಡಿಗಳು ಸಲಕರಣೆಗಳನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ. ಸುತ್ತಿಗೆಯಿಂದ ಬಡಿಯಬೇಡಿ, ಫ್ಲೈವೀಲ್ ಬಿರುಕು ಬಿಡುತ್ತೆ.

ವಾಪಸ್ ಜೋಡಿಸುವಾಗ ಕಾಯಿಲ್ ಮತ್ತು ಫ್ಲೈವೀಲ್ ನಡುವೆ ಕೂದಲೆಳೆ ಸಂದು ಬೇಕು, ಬಹಳಷ್ಟು ಬ್ರಿಗ್ಸ್ ಎಂಜಿನ್‌ಗಳಲ್ಲಿ ಇದು ಸುಮಾರು 0.010 ಇಂಚು. ನಮ್ಮ ಬೀದಿಯಲ್ಲಿರುವ ನಿವೃತ್ತ ಮೆಕ್ಯಾನಿಕ್ ತಾತ ಇದಕ್ಕೆ ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದ. ಕಾರ್ಡನ್ನು ನಡುವೆ ಇಟ್ಟು, ಅಯಸ್ಕಾಂತ ಕಾಯಿಲನ್ನು ಎಳೆದುಕೊಳ್ಳಲು ಬಿಟ್ಟು, ಸ್ಕ್ರೂ ಬಿಗಿದು, ಕಾರ್ಡ್ ಎಳೆದು ತೆಗೆದರೆ ಸಂದು ಸಿದ್ಧ. ಆಫೀಸಿನಲ್ಲಿ ಕಟ್ಟುಗಟ್ಟಲೆ ಕೊಟ್ಟ ವಿಸಿಟಿಂಗ್ ಕಾರ್ಡು ಕೊನೆಗೂ ಒಂದು ಕೆಲಸಕ್ಕೆ ಬಂತು!

ಬಡಿದ ಮೇಲೆ ಇಡೀ ಮೋವರ್ ಗಡಗಡ ನಡುಗುತ್ತಿದ್ದರೆ ಮಾತ್ರ ನಿಲ್ಲಿಸಿ. ಬ್ಲೇಡ್ ಬಗ್ಗಿದ್ದರೆ ಹೊಸದು ಹಾಕಬಹುದು. ಎಂಜಿನ್ ದಂಡವೇ ಬಗ್ಗಿದ್ದರೆ ಆ ಎಂಜಿನ್ ಆಯುಸ್ಸು ಮುಗಿದ ಹಾಗೆ. ಬಗ್ಗಿದ ಬ್ಲೇಡನ್ನು ತಟ್ಟಿ ನೇರ ಮಾಡೋದು ಬೇಡವೇ ಬೇಡ.

ಬ್ಲೇಡು ಹರಿತ ಇದೆಯಾ?

ಕತ್ತರಿಸಿದ ಎರಡು ದಿನಕ್ಕೆ ಹುಲ್ಲಿನ ತುದಿಯೆಲ್ಲ ಬಿಳಿಚಿ ಒಣಗಿದ ಹಾಗೆ ಕಾಣುತ್ತಿದೆಯಾ? ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸದೆ ಹರಿಯುತ್ತಿದೆ ಅಂತರ್ಥ. ಮೋವರನ್ನು ಓರೆ ಮಾಡುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಲಿ, ಇಲ್ಲದಿದ್ದರೆ ಆಯಿಲ್ ಹರಿದು ಫಿಲ್ಟರ್ ತೋಯುತ್ತೆ, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ. ಬ್ಲೇಡ್ ತಿರುಗದಂತೆ ಮರದ ತುಂಡು ಅಡ್ಡ ಕೊಟ್ಟು, ಕೈಗವಸು ಹಾಕಿ, ನಡುವಿನ ಬೋಲ್ಟ್ ಬಿಚ್ಚಿ. ಬ್ಲೇಡಿನ ಯಾವ ಮುಖ ನೆಲದ ಕಡೆ ಇತ್ತು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ.

ಅರದಿಂದ ಹಳೇ ಓರೆಯ ಗುಂಟವೇ ಉಜ್ಜಿ. ಶೇವಿಂಗ್ ಬ್ಲೇಡಿನಷ್ಟು ಚೂಪು ಬೇಡ, ಅಡುಗೆಮನೆ ಚಾಕುವಿನಷ್ಟು ಸಾಕು. ಆಮೇಲೆ ಗೋಡೆಗೆ ಹೊಡೆದ ಮೊಳೆಗೆ ನಡುವಿನ ತೂತು ಸಿಕ್ಕಿಸಿ ನೋಡಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನೂ ಸ್ವಲ್ಪ ಉಜ್ಜಿ. ಎರಡೂ ಕಡೆ ಸಮತೂಕ ಬರೋ ತನಕ ಬಿಡಬೇಡಿ. ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಒಂದಿಷ್ಟು ಗ್ರಾಂ ವ್ಯತ್ಯಾಸವೂ ಎಂಜಿನ್ನಿನ ಬೇರಿಂಗ್ ತಿನ್ನುತ್ತೆ.

ವರ್ಷಕ್ಕೊಂದು ಶನಿವಾರ

ಇಷ್ಟೆಲ್ಲ ಬಿಚ್ಚಾಟ ಬೇಡ ಅಂದರೆ ಅಕ್ಟೋಬರ್ ಕೊನೆಗೆ ಅಥವಾ ನವೆಂಬರಿನಲ್ಲಿ, ಕೊನೆಯ ಹುಲ್ಲು ಕತ್ತರಿಸಿದ ದಿನ, ಎರಡು ಗಂಟೆ ಎತ್ತಿಡಿ.

• ಪೆಟ್ರೋಲು: ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲುವ ತನಕ ಓಡಿಸಿ. ಇಲ್ಲವೇ ಹೊಸ ಪೆಟ್ರೋಲಿಗೆ ಸ್ಟೆಬಿಲೈಸರ್ ದ್ರವ ಬೆರೆಸಿ ಹತ್ತು ನಿಮಿಷ ಓಡಿಸಿ, ಕಾರ್ಬುರೇಟರ್ ತನಕ ಅದು ಹೋಗಲಿ.
• ಆಯಿಲ್: 50 ಗಂಟೆ ಓಟಕ್ಕೆ ಅಥವಾ ವರ್ಷಕ್ಕೊಮ್ಮೆ ಬದಲಾಯಿಸಿ. ಹಳೇ ಮೋವರ್‌ಗಳಿಗೆ ಸಾಮಾನ್ಯವಾಗಿ ಎಸ್‌ಎಇ 30, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತೆ. ಕಡ್ಡಿಯ ಗುರುತು ಮೀರಿ ಸುರಿಯಬೇಡಿ.
• ಡೆಕ್: ಅಡಿಯ ಹುಲ್ಲನ್ನು ಮರದ ಪಟ್ಟಿಯಿಂದ ಕೆರೆದು ಒಣಗಿಸಿ. ಮೆತ್ತಿದ ಒದ್ದೆ ಹುಲ್ಲೇ ತಗಡಿಗೆ ತುಕ್ಕು ಹಿಡಿಸೋದು.
• ತ್ಯಾಜ್ಯ: ಹಳೇ ಆಯಿಲನ್ನು ಅನೇಕ ಆಟೋ ಅಂಗಡಿಗಳು ಉಚಿತವಾಗಿ ತೆಗೆದುಕೊಳ್ಳುತ್ತವೆ. ಹಳೇ ಪೆಟ್ರೋಲು ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ. ಚರಂಡಿಗೆ, ಮಣ್ಣಿಗೆ ಖಂಡಿತ ಬೇಡ.

ಬಂಕಿನಲ್ಲಿ 15% ಎಥನಾಲ್ ಇರುವ ಪೆಟ್ರೋಲು ಅಗ್ಗಕ್ಕೆ ಕಂಡರೂ ಮೋವರ್‌ಗೆ ಹಾಕಬೇಡಿ. ಸಣ್ಣ ಎಂಜಿನ್‌ಗಳಿಗೆ ಅದಕ್ಕೆ ಅನುಮತಿಯೇ ಇಲ್ಲ.

ಊರಿನ ಮಷಿನ್ನಿಗೂ ಇದೇ ಮದ್ದು

ಮಲೆನಾಡಿನ ತೋಟದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹಂಗಾರೆ ನಮ್ಮ ಹುಲ್ಲು ಹೊಡಿಯೋ ಮಷಿನ್ನೂ ಅದಕ್ಕೇ ಸ್ಟಾರ್ಟ್ ಆಗ್ತಿಲ್ಲೇನೋ?’

ಬಹುಮಟ್ಟಿಗೆ ಹೌದು. ಅಡಿಕೆ, ಕಾಫಿ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಹೊಡೆಯುವ ಯಂತ್ರಕ್ಕೂ ಇದೇ ಗಂಟಲು ಕಟ್ಟುವ ರೋಗ. ನಮ್ಮಲ್ಲೂ ಈಗ ಬಂಕಿನಲ್ಲಿ ಸಿಗೋದು 20% ತನಕ ಎಥನಾಲ್ ಬೆರೆತ ಪೆಟ್ರೋಲು, ಅದರ ಜೊತೆ ಮಳೆಗಾಲದ ತೇವ ಬೇರೆ. ಕಳೆ ಹೊಡೆದು ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟು ಮಷಿನ್ನನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಬೇಡಿ. ಖಾಲಿ ಮಾಡಿ, ನಿಲ್ಲುವ ತನಕ ಓಡಿಸಿ, ಆಮೇಲೆ ಏರಿಸಿ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಕಳೆ ಮಷಿನ್‌ಗಳಲ್ಲಿ ಟೂ ಸ್ಟ್ರೋಕ್ ಇರೋದೂ ಉಂಟು, ಫೋರ್ ಸ್ಟ್ರೋಕ್ ಇರೋದೂ ಉಂಟು. ಟೂ ಸ್ಟ್ರೋಕ್‌ಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಬರೀ ಪೆಟ್ರೋಲು ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಫೋರ್ ಸ್ಟ್ರೋಕ್‌ಗೆ ಆಯಿಲ್ ಬೇರೆ ಜಾಗದಲ್ಲಿ. ಮುಚ್ಚಳದ ಮೇಲಿನ ಬರಹ ನೋಡಿ, ಎಷ್ಟಕ್ಕೆ ಎಷ್ಟು ಅನ್ನೋದನ್ನು ಕಂಪನಿಯ ಪುಸ್ತಕದಿಂದಲೇ ತಿಳಿದುಕೊಳ್ಳಿ. ಕೆಲಸದವರು ಬದಲಾಗುತ್ತಾ ಇರುವ ತೋಟದಲ್ಲಿ ಆ ಅಳತೆಯನ್ನು ಕ್ಯಾನಿನ ಮೇಲೇ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡೋದು ವಾಸಿ.

ಯಾವಾಗ ಬಿಟ್ಟುಬಿಡಬೇಕು?

ಹಳೇ ಎಂಜಿನ್ ಉಳಿಸೋದೇ ದೊಡ್ಡ ಪುಣ್ಯದ ಕೆಲಸ ಅಂತ ನಾನು ಹೇಳಲ್ಲ. ಇವುಗಳ ಹೊಗೆ ಕೆಟ್ಟದ್ದು. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಲೆಕ್ಕದಲ್ಲಿ, ವೃತ್ತಿಪರರು ಬಳಸುವ ಪೆಟ್ರೋಲ್ ಮೋವರ್ ಒಂದು ಗಂಟೆ ಓಡಿದರೆ, ಹೊಗೆಮಂಜಿಗೆ ಕಾರಣವಾಗುವ ಅನಿಲಗಳ ಮಟ್ಟಿಗೆ ಅದು ಹೊಸ ಕಾರು 300 ಮೈಲಿ ಓಡಿದ್ದಕ್ಕೆ ಸಮ. ಅದಕ್ಕೇ ಆ ರಾಜ್ಯ 2021ರಲ್ಲಿ ಕಾನೂನು ತಂದು, 2024ರ ಮಾಡೆಲ್‌ನಿಂದ ಇಂಥ ಹೊಸ ಪೆಟ್ರೋಲ್ ಎಂಜಿನ್‌ಗಳನ್ನು ನಿಲ್ಲಿಸುವ ದಾರಿ ಹಿಡಿಯಿತು. ಮನೆಯಲ್ಲಿ ಈಗಾಗಲೇ ಇರುವುದನ್ನು ಬಳಸಲು ಅಡ್ಡಿಯಿಲ್ಲ. ಒಂದು ಕಾಲಕ್ಕೆ ಈ ಲೋಕವನ್ನೇ ಆಳಿದ ಬ್ರಿಗ್ಸ್ ಕಂಪನಿಯೂ 2020ರ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿ, ಮಾಲೀಕರು ಬದಲಾಗಿ ಮುಂದುವರಿಯಿತು. ಗಾಳಿ ಬ್ಯಾಟರಿ ಕಡೆ ಬೀಸುತ್ತಿದೆ.

ನನ್ನ ಲೆಕ್ಕ ಹೀಗೆ. ಹೊಸದಾಗಿ ಕೊಳ್ಳುವವರು, ಸಣ್ಣ ಅಂಗಳದವರು, ಕೈ ಕೊಳೆ ಮಾಡಿಕೊಳ್ಳಲು ಇಷ್ಟವಿಲ್ಲದವರು ಬ್ಯಾಟರಿ ಮೋವರ್ ತೆಗೆದುಕೊಳ್ಳಿ. ಎಂಜಿನ್ ದಂಡ ಬಗ್ಗಿದ್ದರೆ, ಒಳಗೆ ಏನೋ ಮುರಿದು ಎಂಜಿನ್ ಗೋಡೆಯೇ ಒಡೆದಿದ್ದರೆ, ಡೆಕ್ ತುಕ್ಕು ಹಿಡಿದು ಕಾಲು ಕಾಣುವಷ್ಟು ತೂತಾಗಿದ್ದರೆ ಭಾವುಕರಾಗದೆ ಗುಜರಿಗೆ ಕೊಡಿ. ತೂತು ಡೆಕ್ಕಿನಿಂದ ಕಲ್ಲು ಸಿಡಿದರೆ ಯಾರ ಕಾಲಿಗೆ ಬೀಳುತ್ತೋ ಗೊತ್ತಿಲ್ಲ. ಆದರೆ ಗ್ಯಾರೇಜಿನಲ್ಲಿ ಗಟ್ಟಿಮುಟ್ಟಾದ ಯಂತ್ರವೊಂದು ಬರೀ ಗಂಟಲು ಕಟ್ಟಿಕೊಂಡು ಕೂತಿದ್ದರೆ, ಅದನ್ನು ಎಸೆದು ಹೊಸದಕ್ಕೆ ಮುನ್ನೂರು ನಾನೂರು ಡಾಲರ್ ಕೊಡುವ ಮುಂಚೆ ಒಂದು ಗಂಟೆ ಕೊಟ್ಟು ನೋಡಿ. ಫಿಲ್ಟರ್ ಚೊಕ್ಕಟವಾಗಿ, ಬ್ಲೇಡ್ ಹರಿತವಾಗಿದ್ದರೆ ಅದು ಪೆಟ್ರೋಲೂ ಕಡಿಮೆ ಕುಡಿಯುತ್ತೆ, ಹೊಗೆಯೂ ಕಡಿಮೆ ಬಿಡುತ್ತೆ.

ಈ ವಾರಾಂತ್ಯ ಪೂರ್ತಿ ರಿಪೇರಿಗೆ ಇಳಿಯಬೇಕಿಲ್ಲ. ಪ್ಲಗ್ ವಯರ್ ತೆಗೆಯಿರಿ, ಮುಚ್ಚಳದ ಮೇಲಿನ ಮೂರು ಸಂಖ್ಯೆಗಳ ಫೋಟೋ ತೆಗೆಯಿರಿ, ಟ್ಯಾಂಕಿನ ಮುಚ್ಚಳ ತೆರೆದು ದೂರದಿಂದ ವಾಸನೆ ನೋಡಿ. ಹೊಸ ಪೆಟ್ರೋಲಿನ ಖಾರ ಘಮದ ಬದಲು ಹಳೇ ಪೇಂಟಿನ ವಾಸನೆ ಬಂತಾ? ಹಾಗಿದ್ದರೆ ಅರ್ಧ ರೋಗ ಪತ್ತೆಯಾಯಿತು. ಉಳಿದರ್ಧ ಮುಂದಿನ ಶನಿವಾರಕ್ಕಿರಲಿ.